ಒಲೆಯ ಕಾಯಿಲ್: ನಿಕ್ರೋಮ್ ಬೇಕಾ, ಕಾಂತಲ್ ಬೇಕಾ?

ಕೊಪ್ಪಳದ ರೂಮಿನಲ್ಲಿ ಕರೆಂಟ್ ಒಲೆಯ ಕಾಯಿಲ್ ಸುಟ್ಟುಹೋಗಿದೆ, ಯಾವ ತಂತಿ ಹಾಕಿಸಲಿ ಅಂತ ತಮ್ಮ ಕೇಳಿದ. ನಿಕ್ರೋಮ್, ಕಾಂತಲ್ ಎರಡೂ ಇಂಥ ಕಾಯಿಲ್‌ಗೆ ಬಳಸುವ ಮಿಶ್ರಲೋಹದ ತಂತಿಗಳು. ಮೊದಲೇ ಹೇಳುತ್ತೇನೆ, ಬರೀ ನಿಕಲ್ ತಂತಿ ಹಾಕಲೇಬೇಡ. ಅದರ ರೆಸಿಸ್ಟೆನ್ಸ್, ಅಂದರೆ ಕರೆಂಟನ್ನು ತಡೆಯುವ ಗುಣ, ನಿಕ್ರೋಮ್‌ನ ಹತ್ತನೇ ಒಂದು ಪಾಲೂ ಇಲ್ಲ. ಅಷ್ಟೇ ಉದ್ದ, ಅಷ್ಟೇ ದಪ್ಪದ ಕಾಯಿಲ್ ಹಾಕಿದರೆ ಕರೆಂಟ್ ವಿಪರೀತ ಹರಿದು ವೈರಿಂಗೇ ಸುಡಬಹುದು.

ನಿಕ್ರೋಮ್‌ನಲ್ಲಿ ಸಾಮಾನ್ಯವಾಗಿ 80 ಪಾಲು ನಿಕಲ್, 20 ಪಾಲು ಕ್ರೋಮಿಯಂ. ಕಾಂತಲ್‌ನಲ್ಲಿ ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ. ನಿಕಲ್ ದುಬಾರಿ ಲೋಹ, ಹಾಗಾಗಿ ಕಾಂತಲ್ ಸ್ವಲ್ಪ ಅಗ್ಗ. ಶಾಖವನ್ನೂ ಅದೇ ಜಾಸ್ತಿ ತಡೆಯುತ್ತದೆ. ಆದರೆ ಚಹಾ, ಅನ್ನಕ್ಕೆ ಅಷ್ಟು ಶಾಖ ಯಾಕೆ ಬೇಕು, ಅಲ್ವಾ?

ಬಾಳಿಕೆಯಲ್ಲೇ ನಿಜವಾದ ವ್ಯತ್ಯಾಸ. ಕಾಂತಲ್ ಚೆನ್ನಾಗಿ ಕಾದ ಮೇಲೆ ಪೆಡಸಾಗುತ್ತದೆ. ಆಮೇಲೆ ಒಲೆ ಎತ್ತಿ ಇಟ್ಟರೆ, ತಟ್ಟಿದರೆ ಪಟ್ಟನೆ ಮುರಿಯಬಹುದು. ನಿಕ್ರೋಮ್ ಹಳೆಯದಾದರೂ ಬಾಗುತ್ತದೆ. ರೂಮ್ ಬದಲಿಸುತ್ತಲೇ ಇರುವ ನಿನ್ನಂಥವನಿಗೆ ನಿಕ್ರೋಮ್ ಸರಿ. ಒಲೆ ಒಂದೇ ಕಡೆ ಇರುವುದಾದರೆ ಕಾಂತಲ್ ಸಾಕು. ನಿಕಲ್ ತಾಗಿದರೆ ಮೈ ತುರಿಸುವವರು ಕಾಯಿಲನ್ನು ಕೈಯಲ್ಲೇ ಸುತ್ತುವುದಾದರೆ ಕಾಂತಲ್ಲೇ ಇರಲಿ.

ಯಾವುದೇ ಹಾಕಿಸು, ತೆರೆದ ಕಾಯಿಲ್‌ನಲ್ಲಿ ಕರೆಂಟ್ ಇರುತ್ತದೆ. ಪಾತ್ರೆ ಇಡುವಾಗ, ಇಳಿಸುವಾಗ ಸ್ವಿಚ್ ಆಫ್ ಮಾಡು.