ಕರ್ತವ್ಯದಲ್ಲಿ ಮಡಿದವರ ಪತ್ನಿಗೆ ಅಮೆರಿಕದ ಪೌರತ್ವ: ಯಾವ ದಾರಿ?

ಪತಿ ಅಮೆರಿಕದ ಪ್ರಜೆ, ನಿಮ್ಮದು ಗ್ರೀನ್ ಕಾರ್ಡ್ ಎಂದಿಟ್ಟುಕೊಳ್ಳೋಣ.

ಅವಧಿ ನೋಡಿದರೆ 3 ವರ್ಷದ ವೈವಾಹಿಕ ದಾರಿ (ಗ್ರೀನ್ ಕಾರ್ಡ್ ಪಡೆದು, ಪ್ರಜೆಯಾದ ಪತಿಯೊಂದಿಗೆ 3 ವರ್ಷ ಬಾಳಿದ ಮೇಲೆ ಪೌರತ್ವ) ಚಿಕ್ಕದು. ಆದರೆ ನೀವು ಪೌರತ್ವದ ಪ್ರಮಾಣವಚನ ಸ್ವೀಕರಿಸುವ ಮುನ್ನ ಪತಿ ತೀರಿಕೊಂಡರೆ, ಅರ್ಜಿ ಹಾಕಿಯಾಗಿದ್ದರೂ ಆ ದಾರಿ ಮುಚ್ಚಿಹೋಗುತ್ತದೆ. ಅಗ್ನಿಶಾಮಕ ಸಿಬ್ಬಂದಿಯ, ಪೊಲೀಸರ ಪತ್ನಿಯರು ಎಡವುವುದು ಇಲ್ಲೇ.

ಆಗ 5 ವರ್ಷದ ಸಾಮಾನ್ಯ ದಾರಿ ಹಿಡಿಯಿರಿ. ಅದರಲ್ಲಿ 30 ತಿಂಗಳು ಅಮೆರಿಕದಲ್ಲೇ ಇದ್ದಿರಬೇಕು. ಅವಧಿ ತುಂಬಲು 90 ದಿನ ಇರುವಾಗಲೇ ಪೌರತ್ವದ ಅರ್ಜಿ ಎನ್-400 ಸಲ್ಲಿಸಬಹುದು. ಒಂದೇ ಸಲ 6 ತಿಂಗಳು ಮೀರಿ ಊರಲ್ಲಿ ಉಳಿದರೆ ನಿರಂತರ ವಾಸದ ಪ್ರಶ್ನೆ ಏಳುತ್ತದೆ.

ಪತಿ ಸೇನೆಯ ಸಕ್ರಿಯ ಸೇವೆಯಲ್ಲಿ ಗೌರವದಿಂದ ಮಡಿದಿದ್ದರೆ ವಲಸೆ ಮತ್ತು ಪೌರತ್ವ ಕಾಯ್ದೆಯ ಕಲಂ 319(ಡಿ) ಸೂಕ್ತ: ವಾಸದ ಅವಧಿಯೇ ಬೇಡ, ಆದರೆ ಪೌರತ್ವದ ಪರೀಕ್ಷೆ ಇದ್ದೇ ಇದೆ. ನನ್ನ ಅನಿಸಿಕೆಯಲ್ಲಿ, ಈ ಸಡಿಲಿಕೆ ಅಗ್ನಿಶಾಮಕರ ಮನೆಯವರಿಗೂ ಸಲ್ಲಬೇಕಾದದ್ದು.

ಗ್ರೀನ್ ಕಾರ್ಡೇ ಇಲ್ಲದಿದ್ದರೆ, ಮರುಮದುವೆಯಾಗದೆ, ಪತಿಯ ಸಾವಿನಿಂದ 2 ವರ್ಷದೊಳಗೆ ಐ-360 (ಗ್ರೀನ್ ಕಾರ್ಡ್‌ನ ದಾರಿಗೆ ನೀವೇ ಹಾಕುವ ಅರ್ಜಿ) ಹಾಕಿ. ಪತಿ ನಿಮಗಾಗಿ ಹಾಕುವ ಐ-130 ಅರ್ಜಿ ಮೊದಲೇ ಸಲ್ಲಿಕೆಯಾಗಿದ್ದರೆ ಅದೇ ಐ-360 ಆಗಿ ಮಾರ್ಪಡುತ್ತದೆ.