ವೈಫೈ ಪಾಸ್‌ವರ್ಡ್ ಮೂರು ಸಲ ಬದಲಿಸಿದರೂ ಕಳ್ಳ ಹೊರಗೆ ಹೋಗಲಿಲ್ಲ: ಡಬ್ಲ್ಯೂಪಿಎಸ್ ಬಗ್ಗೆ ಎಚ್ಚರ

ಬಾಡಿಗೆದಾರರಿರುವ ಮೂರು ಮಹಡಿಯ ಕಟ್ಟಡ. ನಡುವಿನ ಮನೆಗೆ ಫೈಬರ್ ಇಂಟರ್ನೆಟ್. ತಿಂಗಳ ಕೊನೆಯ ವಾರ ಬಂತೆಂದರೆ ವೇಗ ಕುಸಿದು ವಿಡಿಯೊ ಕಾಲ್ ಕೂಡ ನಡೆಯುತ್ತಿರಲಿಲ್ಲ. ಅನ್‌ಲಿಮಿಟೆಡ್ ಎಂದು ಮಾರುವ ಎಷ್ಟೋ ಪ್ಲಾನ್‌ಗಳಿಗೆ ತಿಂಗಳಿಗೆ 3300 ಜಿಬಿ ಮಿತಿ ಇರುತ್ತದೆ, ಅದು ಮುಗಿದರೆ ವೇಗ ಇಳಿಸುತ್ತಾರೆ. ನಾಲ್ಕು ಜನರ ಮನೆ ಅಷ್ಟು ಡೇಟಾ ಮುಗಿಸುವುದು ಹುಡುಗಾಟವಲ್ಲ. ರೂಟರ್ ಪುಟ ತೆರೆದು ನೋಡಿದರೆ ಮನೆಯಲ್ಲಿ ಇರುವುದಕ್ಕಿಂತ ಎರಡರಷ್ಟು ಸಾಧನಗಳು ಸೇರಿಕೊಂಡಿದ್ದವು.

ಪಾಸ್‌ವರ್ಡ್ ಬದಲಿಸಿದರು. ಎರಡು ದಿನ ಸರಿಯಿತ್ತು, ಮತ್ತೆ ಅದೇ ಕತೆ. ಇನ್ನೊಮ್ಮೆ ಬದಲಿಸಿದರು. ಮೂರನೆಯ ಸಲ ಇಪ್ಪತ್ತು ಅಕ್ಷರದ್ದನ್ನೇ ಇಟ್ಟರು. ಆದರೂ ಅಪರಿಚಿತ ಫೋನುಗಳು ಪಟ್ಟಿಗೆ ವಾಪಸ್.

ಸಂಪರ್ಕ ಕೊಡಲು ಬಂದ ಹುಡುಗ ಮೊದಲ ದಿನ ಇಟ್ಟಿದ್ದ ಪಾಸ್‌ವರ್ಡ್ ಮನೆಯವರ ಮೊಬೈಲ್ ನಂಬರ್. ನಮ್ಮಲ್ಲಿ ಅರ್ಧ ಊರಿನ ವೈಫೈ ಹೀಗೇ ಇರುತ್ತದೆ. ಇದು ಯಾಕೆ ಅಪಾಯವೆಂದರೆ, ನಿಮ್ಮ ಫೋನ್ ರೂಟರ್‌ಗೆ ಸೇರುವ ಕ್ಷಣದ ಮಾತುಕತೆಯನ್ನು ಪಕ್ಕದ ಮನೆಯಿಂದಲೇ ಹಿಡಿದಿಟ್ಟುಕೊಂಡು, ಆಮೇಲೆ ಆರಾಮಾಗಿ ಕೂತು ಪಾಸ್‌ವರ್ಡ್ ಊಹಿಸುತ್ತಾ ಹೋಗಬಹುದು. ಭಾರತದ ಮೊಬೈಲ್ ನಂಬರ್ 6ರಿಂದ 9ರೊಳಗಿನ ಅಂಕಿಯಿಂದ ಶುರುವಾಗುವುದರಿಂದ ಒಟ್ಟು ಸಾಧ್ಯತೆ 400 ಕೋಟಿ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ 20 ಲಕ್ಷಕ್ಕಿಂತ ಹೆಚ್ಚು ಊಹೆ ಪರೀಕ್ಷಿಸುತ್ತದೆ. ಅಂದರೆ ಅರ್ಧ ಗಂಟೆಯ ಕೆಲಸ. ನಿಮ್ಮ ನಂಬರ್ ಗೊತ್ತಿರುವವರಿಗೆ ಅಷ್ಟೂ ಬೇಡ.

ಆದರೆ ಈ ಮನೆಯಲ್ಲಿ ಪಾಸ್‌ವರ್ಡ್ ಬದಲಾದ ಮೇಲೂ ಕಳ್ಳ ಬರುತ್ತಿದ್ದುದಕ್ಕೆ ಕಾರಣ ಬೇರೆ. ರೂಟರ್‌ನಲ್ಲಿ ಡಬ್ಲ್ಯೂಪಿಎಸ್ ಆನ್ ಆಗಿತ್ತು. ಬಟನ್ ಒತ್ತಿ ಪ್ರಿಂಟರ್, ಟಿವಿ ಸೇರಿಸುವ ಸೌಲಭ್ಯ ಇದೇ. ಬಟನ್ ಜೊತೆಗೆ ಎಂಟು ಅಂಕಿಯ ಪಿನ್ ಕೂಡ ಇರುತ್ತದೆ, ತೊಂದರೆ ಇರುವುದು ಅಲ್ಲಿ. ಎಂಟನೆಯ ಅಂಕಿ ಬರೀ ತಾಳೆ ನೋಡುವುದಕ್ಕೆ. ಉಳಿದ ಏಳನ್ನು ರೂಟರ್ ಒಟ್ಟಿಗೆ ಪರೀಕ್ಷಿಸುವುದಿಲ್ಲ. ಮೊದಲ ನಾಲ್ಕು ಸರಿಯೇ ಎಂದು ಮೊದಲು ಹೇಳಿಬಿಡುತ್ತದೆ, ನಂತರ ಉಳಿದ ಮೂರು. ಹಾಗಾಗಿ ಕೋಟಿ ಪ್ರಯತ್ನ ಬೇಕಾಗಿದ್ದ ಕಡೆ 10,000ಕ್ಕೆ 1,000 ಕೂಡಿಸಿ 11,000 ಸಾಕು. ಈ ದೋಷ 2011ರಲ್ಲೇ ಬಯಲಾಗಿದೆ. ಕೆಲವು ರೂಟರ್‌ಗಳ ಪಿನ್ ಅನ್ನು ಅವುಗಳ ಮ್ಯಾಕ್ ವಿಳಾಸದಿಂದ (ಪ್ರತಿ ಸಾಧನದ ಗುರುತಿನ ಸಂಖ್ಯೆ) ನೇರವಾಗಿ ಲೆಕ್ಕ ಹಾಕಬಹುದು, ಅದಕ್ಕೆ ಫೋನ್ ಆ್ಯಪ್‌ಗಳೂ ಇವೆ. ಪಿನ್ ಒಮ್ಮೆ ಸಿಕ್ಕಿತೋ, ನೀವು ಎಷ್ಟೇ ಉದ್ದದ ಹೊಸ ಪಾಸ್‌ವರ್ಡ್ ಇಟ್ಟರೂ ರೂಟರೇ ಅದನ್ನು ಪಿನ್ ಕೊಟ್ಟವರ ಕೈಗೆ ಒಪ್ಪಿಸುತ್ತದೆ. ಮುಂಬಾಗಿಲಿಗೆ ಬೀಗ ಮೇಲೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟ ಹಾಗೆ.

ನಡುವೆ ಯಾರದೋ ಸಲಹೆಯಂತೆ ವೈಫೈ ಹೆಸರನ್ನು ಮರೆಮಾಡಿ, ಪಟ್ಟಿಯಲ್ಲಿರುವ ಸಾಧನಗಳನ್ನಷ್ಟೇ ಒಳಗೆ ಬಿಡುವ ಮ್ಯಾಕ್ ಫಿಲ್ಟರ್ ಹಾಕಿದರು. ಎರಡೂ ವ್ಯರ್ಥ. ಅಡಗಿಸಿದ ಹೆಸರನ್ನು ನಿಮ್ಮ ಫೋನೇ ಸೇರುವಾಗ ಕೂಗಿ ಹೇಳುತ್ತದೆ, ಮ್ಯಾಕ್ ವಿಳಾಸವೂ ಗಾಳಿಯಲ್ಲಿ ಬಯಲಾಗಿಯೇ ಹೋಗುತ್ತದೆ, ಕಳ್ಳ ಅದನ್ನು ನಕಲು ಮಾಡಿದರಾಯಿತು. ಅದೂ ಅಲ್ಲದೆ ಈಗಿನ ಫೋನುಗಳು ತಾವೇ ಬೇರೆ ಮ್ಯಾಕ್ ವಿಳಾಸ ಹುಟ್ಟಿಸಿಕೊಳ್ಳುತ್ತವೆ. ಕೊನೆಗೆ ಫಿಲ್ಟರ್ ಹೊರಗಿಟ್ಟದ್ದು ಮನೆಯವರ ಫೋನುಗಳನ್ನೇ!

ಡೇಟಾ ಹೋದದ್ದು ಸಣ್ಣ ನಷ್ಟ. ರೂಟರ್‌ನ ಅಡ್ಮಿನ್ ಹೆಸರು, ಪಾಸ್‌ವರ್ಡ್ ಎರಡೂ 'ಅಡ್ಮಿನ್' ಆಗಿಯೇ ಉಳಿದಿದ್ದವು. ಒಳಗೆ ಬಂದವರು ಡಿಎನ್‌ಎಸ್ (ವೆಬ್‌ಸೈಟ್ ಹೆಸರು ಕೊಟ್ಟರೆ ಅದು ಎಲ್ಲಿದೆ ಎಂದು ಹೇಳುವ ಸರ್ವರ್) ವಿಳಾಸ ಬದಲಿಸಿದ್ದರು. ಆಗ ನೀವು ಸರಿಯಾದ ವಿಳಾಸ ಟೈಪ್ ಮಾಡಿದರೂ ಫೋನ್ ಅವರು ತೋರಿಸಿದ ಕಡೆ ಹೋಗುತ್ತದೆ. ಈ ಮನೆಯ ಫೋನುಗಳಲ್ಲಿ 'ಬ್ರೌಸರ್ ಅಪ್‌ಡೇಟ್ ಮಾಡಿ' ಎಂಬ ಪುಟ ಪದೇ ಪದೇ ಬಂದು, ಎಪಿಕೆ ಫೈಲ್ (ಆ್ಯಂಡ್ರಾಯ್ಡ್ ಆ್ಯಪ್‌ನ ಫೈಲ್) ಹಾಕಿಕೊಳ್ಳಲು ಒತ್ತಾಯಿಸುತ್ತಿತ್ತು. 2018ರಲ್ಲಿ ಏಷ್ಯಾದ ದೇಶಗಳಲ್ಲಿ ಹರಡಿದ ರೋಮಿಂಗ್ ಮ್ಯಾಂಟಿಸ್ ಎಂಬ ಕುತಂತ್ರಾಂಶದ ದಾರಿಯೂ ಇದೇ. ಬ್ಯಾಂಕಿನ ಪುಟ ತೆರೆದಾಗ 'ಸಂಪರ್ಕ ಸುರಕ್ಷಿತವಲ್ಲ' ಎಂಬ ಎಚ್ಚರಿಕೆ ಬಂದರೆ ಮುಂದೆ ಒತ್ತಬೇಡಿ, ರೂಟರ್ ನೋಡಿ.

ಇನ್ನೊಂದು ಮಾತು: ಸಂಪರ್ಕ ಯಾರ ಹೆಸರಿನಲ್ಲಿದೆಯೋ ಪೊಲೀಸರು ಮೊದಲು ಬರುವುದು ಅವರ ಬಾಗಿಲಿಗೆ. 2008ರ ಜುಲೈನಲ್ಲಿ ಅಹಮದಾಬಾದ್ ಸ್ಫೋಟದ ಹೊತ್ತಿಗೆ ಬಂದ ಬೆದರಿಕೆ ಇಮೇಲ್‌ನ ಜಾಡು ಹಿಡಿದ ತನಿಖಾಧಿಕಾರಿಗಳು ತಲುಪಿದ್ದು ನವಿ ಮುಂಬೈನ ಒಂದು ಫ್ಲಾಟ್‌ಗೆ. ಅಲ್ಲಿದ್ದವರ ವೈಫೈಯನ್ನು ಯಾರೋ ಬಳಸಿಕೊಂಡಿದ್ದರು.

ಸರಿಪಡಿಸುವಾಗ ಕ್ರಮ ಮುಖ್ಯ. ವೈಫೈ ಬಿಟ್ಟು ಲ್ಯಾನ್ ಕೇಬಲ್‌ನಲ್ಲಿ ಲ್ಯಾಪ್‌ಟಾಪ್ ಜೋಡಿಸಿ, 192.168.1.1 ಅಥವಾ ರೂಟರ್ ಕೆಳಗಿನ ಚೀಟಿಯಲ್ಲಿರುವ ವಿಳಾಸ ತೆರೆಯಿರಿ. ಅವಸರದಲ್ಲಿ ರೀಸೆಟ್ ಗುಂಡಿ ಅದುಮಬೇಡಿ. ಫೈಬರ್ ಪೆಟ್ಟಿಗೆಯಲ್ಲಿ ಕಂಪನಿಯ ಜಾಲಕ್ಕೆ ಸೇರಲು ಬೇಕಾದ ಪಿಪಿಪಿಒಇ ಯೂಸರ್‌ನೇಮ್, ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆ ಅಳಿಸಿಹೋದರೆ ಇಂಟರ್ನೆಟ್ಟೇ ಇರುವುದಿಲ್ಲ. ಅವನ್ನು ಕಂಪನಿಯಿಂದ ಕೇಳಿ ಬರೆದಿಟ್ಟುಕೊಂಡ ಮೇಲೆ ರೀಸೆಟ್ ಮಾಡಿ.

ಮೊದಲು ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ನಂತರ ಡಬ್ಲ್ಯೂಪಿಎಸ್ ಆಫ್. ವೈಫೈನ ಎರಡು ತರಂಗ ಪಟ್ಟಿಗಳಾದ 2.4 ಮತ್ತು 5 ಗಿಗಾಹರ್ಟ್ಸ್‌ಗೆ ಬೇರೆ ಬೇರೆ ಸ್ವಿಚ್ ಇರಬಹುದು, ಎರಡನ್ನೂ ನೋಡಿ. ಯುಪಿಎನ್‌ಪಿ (ಸಾಧನಗಳು ಕೇಳಿದಾಗ ರೂಟರ್‌ನಲ್ಲಿ ತಾನಾಗಿ ದಾರಿ ತೆರೆಯುವ ಸೌಲಭ್ಯ) ಮತ್ತು ಹೊರಗಿನಿಂದ ರೂಟರ್ ಪುಟ ತೆರೆಯುವ ಸೌಲಭ್ಯವನ್ನೂ ನಿಲ್ಲಿಸಿ. ಡಿಎನ್‌ಎಸ್ ಅನ್ನು ವ್ಯಾನ್ (ಹೊರಗಿನ ಇಂಟರ್ನೆಟ್ ಸಂಪರ್ಕ) ಪುಟದಲ್ಲೂ ಡಿಎಚ್‌ಸಿಪಿ (ಮನೆಯ ಸಾಧನಗಳಿಗೆ ವಿಳಾಸ ಹಂಚುವ) ಪುಟದಲ್ಲೂ ಪರೀಕ್ಷಿಸಿ. ಸ್ವಯಂಚಾಲಿತ ಎಂದಿಡಿ, ಇಲ್ಲವೇ 1.1.1.1 ಮತ್ತು 8.8.8.8 ಹಾಕಿ. ಸುರಕ್ಷತೆ, ಅಂದರೆ ವೈಫೈ ಗೂಢಲಿಪೀಕರಣದ ಬಗೆ, ಡಬ್ಲ್ಯೂಪಿಎ2 ಎಇಎಸ್, ಅಥವಾ ಡಬ್ಲ್ಯೂಪಿಎ2 ಮತ್ತು 3 ಮಿಶ್ರ ಇರಲಿ. ಟಿಕೆಐಪಿ ಎಂಬ ಹಳೆಯ ಬಗೆ ಇದ್ದರೆ ತೆಗೆಯಿರಿ. ಅದು ದುರ್ಬಲ, ಜೊತೆಗೆ ವೇಗವನ್ನೂ 54 ಎಂಬಿಪಿಎಸ್‌ಗೆ ಕಟ್ಟಿಹಾಕುತ್ತದೆ. ವೈಫೈ ಪಾಸ್‌ವರ್ಡ್ ಕೊನೆಗೆ: ಸಂಬಂಧವಿಲ್ಲದ ನಾಲ್ಕೈದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ನೆನಪೂ ಇರುತ್ತದೆ, ಉದ್ದವೂ ಸಾಕಾಗುತ್ತದೆ. ಮಿತಿ 63 ಅಕ್ಷರ.

ಸ್ಮಾರ್ಟ್ ಬಲ್ಬ್, ಕ್ಯಾಮೆರಾ, ಮನೆಗೆ ಬರುವ ನೆಂಟರ ಫೋನು ಇವಕ್ಕೆಲ್ಲ ಗೆಸ್ಟ್ ನೆಟ್‌ವರ್ಕ್ (ಅದೇ ರೂಟರ್‌ನಲ್ಲಿ ಮುಖ್ಯ ವೈಫೈನಿಂದ ಬೇರೆಯಾಗಿರುವ ವೈಫೈ) ಕೊಡಿ. ಅಗ್ಗದ ಬಲ್ಬುಗಳು 2.4ರಲ್ಲಿ ಮಾತ್ರ ನಡೆಯುತ್ತವೆ, ಬರೀ ಡಬ್ಲ್ಯೂಪಿಎ3 ಇಟ್ಟರೆ ಅವುಗಳಲ್ಲಿ ಹಲವು ಸೇರುವುದೇ ಇಲ್ಲ. ಆದರೆ ಗೆಸ್ಟ್‌ನಲ್ಲಿರುವ ಟಿವಿಗೆ ನಿಮ್ಮ ಫೋನಿನಿಂದ ವಿಡಿಯೊ ಕಳಿಸಲು ಸಾಮಾನ್ಯವಾಗಿ ಆಗುವುದಿಲ್ಲ, ಪ್ರಿಂಟರ್ ಕತೆಯೂ ಅಷ್ಟೇ. ಅವೆರಡನ್ನು ಮುಖ್ಯ ನೆಟ್‌ವರ್ಕ್‌ನಲ್ಲೇ ಇಡುವುದು ವಾಸಿ. ಕ್ಯಾಮೆರಾ ಮಾತ್ರ ಖಂಡಿತ ಗೆಸ್ಟ್‌ನಲ್ಲಿರಲಿ.

ಫೋನ್ ತೋರಿಸುವ ವೈಫೈ ಕ್ಯೂಆರ್ ಕೋಡ್‌ನಲ್ಲಿ ಪಾಸ್‌ವರ್ಡ್ ಇದ್ದದ್ದು ಇದ್ದಂತೆಯೇ ಅಡಗಿರುತ್ತದೆ, ಯಾವ ಸ್ಕ್ಯಾನರ್ ಬೇಕಾದರೂ ಓದುತ್ತದೆ. ಹಾಲ್‌ನಲ್ಲಿ ಅಂಟಿಸುವುದಾದರೆ ಗೆಸ್ಟ್‌ನದ್ದನ್ನೇ ಅಂಟಿಸಿ, ಬಾಡಿಗೆದಾರರು ಬದಲಾದಾಗ ಅದನ್ನೂ ಬದಲಿಸಿ. ಹಳೆಯ ಬಲ್ಬ್, ಕ್ಯಾಮೆರಾ ಗುಜರಿಗೆ ಹಾಕುವ ಮೊದಲು ರೀಸೆಟ್ ಮಾಡಿ. ಚಿಪ್‌ನೊಳಗೆ ನಿಮ್ಮ ಪಾಸ್‌ವರ್ಡ್ ಉಳಿದಿರಬಹುದು.

ಕಂಪನಿಯ ಹುಡುಗ ರಿಪೇರಿಗೆ ಬಂದು ಹೋದ ಮೇಲೆ, ಅಥವಾ ರೂಟರ್ ಸಾಫ್ಟ್‌ವೇರ್ ಅಪ್‌ಡೇಟ್ ಆದ ಮೇಲೆ ಡಬ್ಲ್ಯೂಪಿಎಸ್ ಪುಟವನ್ನು ಮತ್ತೆ ತೆರೆದು ನೋಡಿ. ರೀಸೆಟ್ ಆದ ರೂಟರ್‌ನಲ್ಲಿ ಅದು ತಾನಾಗಿ ಆನ್ ಆಗಿರುವುದೇ ಹೆಚ್ಚು.