ಆರು ವರ್ಷದಿಂದ ಪರ್ಸಿನಲ್ಲಿರುವ ಸಿನಿಮಾ ಕಾರ್ಡ್

ನಾವು ಆಮ್‌ಸ್ಟರ್‌ಡ್ಯಾಮ್ ಪಕ್ಕದ ಆಮ್‌ಸ್ಟಲ್‌ವೇನ್‌ಗೆ ಬಂದದ್ದು 2019ರ ಬೇಸಿಗೆಯಲ್ಲಿ. ಅಕ್ಟೋಬರ್ ಹೊತ್ತಿಗೆ ಸಂಜೆ ಬೇಗ ಕತ್ತಲಾಗತೊಡಗಿತು. ನಮ್ಮವರು ಆಫೀಸಿಗೆ ಹೋದ ಮೇಲೆ ನಾನು, ಮಳೆ, ಕಿಟಕಿ. ಪಕ್ಕದ ಮನೆಯ ಡಚ್ ಹೆಂಗಸು ಒಂದು ದಿನ ಚಹಾ ಕುಡಿಯುತ್ತಾ ಹೇಳಿದರು, "ನೀನು ಒಂದು ಸಿನೆವಿಲ್ ಕಾರ್ಡ್ ತಗೋ." ಅವತ್ತೇ ಸಂಜೆ ತೆಗೆದುಕೊಂಡೆ. ಇವತ್ತಿಗೂ ಪರ್ಸಿನಲ್ಲಿದೆ. ಯುರೋಪಿಗೆ ಹೊಸದಾಗಿ ಬಂದ ಕನ್ನಡದವರು ಇದರ ಬಗ್ಗೆ ಆಗಾಗ ಕೇಳುತ್ತಾರೆ. ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ.

ಸಿನೆವಿಲ್ ಅಂದರೆ ತಿಂಗಳ ಪಾಸು. 2009ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಶುರುವಾಯಿತು. ಈಗ ನೆದರ್‌ಲ್ಯಾಂಡ್ಸಿನ ಹತ್ತಾರು ಊರುಗಳಲ್ಲಿ ನಡೆಯುತ್ತದೆ. ತಿಂಗಳಿಗೆ 20 ಯೂರೋ ಚಿಲ್ಲರೆ ಕೊಟ್ಟರೆ, ಸೇರಿಕೊಂಡಿರುವ ಥಿಯೇಟರುಗಳಲ್ಲಿ ಎಷ್ಟು ಸಿನಿಮಾ ಬೇಕಾದರೂ ನೋಡಬಹುದು. 30 ವರ್ಷದೊಳಗಿನವರಿಗೆ ಇನ್ನೂ ಕಡಿಮೆ. ಇಲ್ಲಿ ಒಂದು ಟಿಕೆಟ್ 10ರಿಂದ 13 ಯೂರೋ ಆಗುತ್ತದೆ. ತಿಂಗಳಿಗೆ ಎರಡು ಮೂರು ನೋಡಿದರೆ ದುಡ್ಡು ಹುಟ್ಟಿತು. ದೊಡ್ಡ ಮಲ್ಟಿಪ್ಲೆಕ್ಸುಗಳು ಇದರಲ್ಲಿ ಇಲ್ಲ. ಇರುವುದು ಸಣ್ಣ ಥಿಯೇಟರುಗಳು. ಫ್ರೆಂಚ್, ಪೋಲಿಷ್, ಫಿನ್ನಿಷ್, ರೊಮೇನಿಯನ್, ಹೀಗೆ ಬೇರೆ ಬೇರೆ ಭಾಷೆಯ ಸಿನಿಮಾ ಬರುವುದು ಅಲ್ಲೇ.

ಆದರೆ ಉಳಿತಾಯಕ್ಕಾಗಿ ಈ ಕಾರ್ಡ್ ತೆಗೆದುಕೊಳ್ಳಿ ಅಂತ ನಾನು ಹೇಳುವುದಿಲ್ಲ. ದುಡ್ಡು ಕೊಟ್ಟು ಟಿಕೆಟ್ ತೆಗೆಯುವಾಗ ನಾವು ಹುಷಾರಾಗಿರುತ್ತೇವೆ. ವಿಮರ್ಶೆ ಓದುತ್ತೇವೆ, ಟ್ರೇಲರ್ ನೋಡುತ್ತೇವೆ, ಯಾರೋ ಚೆನ್ನಾಗಿದೆ ಅಂದ ಮೇಲೆ ಹೋಗುತ್ತೇವೆ. ಕಾರ್ಡ್ ಇದ್ದರೆ ಆ ಲೆಕ್ಕ ಇಲ್ಲ. ಮಂಗಳವಾರ ಮಧ್ಯಾಹ್ನ ಸುಮ್ನೆ ಹೋಗಿ, ಆ ಹೊತ್ತಿಗೆ ಯಾವುದಿದೆಯೋ ಅದಕ್ಕೆ ಕೂತುಬಿಡಬಹುದು. ಇಷ್ಟವಾಗದಿದ್ದರೆ ಎದ್ದು ಬರಬಹುದು. ಹೆಸರಾಂತ ನಿರ್ದೇಶಕರ ಮೂರು ಗಂಟೆಯ ಸಿನಿಮಾದಿಂದ ಅರ್ಧಕ್ಕೆ ಎದ್ದು ಬಂದಿದ್ದೇನೆ. ಏನೇನೂ ಗೊತ್ತಿಲ್ಲದೆ ಕೂತ ಸಿನಿಮಾ ಮುಗಿದ ಮೇಲೆ ಟ್ರಾಮ್ ಹತ್ತದೆ ಮಳೆಯಲ್ಲೇ ನಡೆದು ಬಂದದ್ದೂ ಇದೆ. ಕೆಲವು ಥಿಯೇಟರುಗಳಲ್ಲಿ ಸ್ನೀಕ್ ಪ್ರಿವ್ಯೂ ಇರುತ್ತದೆ. ಪರದೆ ಮೇಲೆ ಹೆಸರು ಬರುವ ತನಕ ಯಾವ ಸಿನಿಮಾ ಅಂತಲೇ ಗೊತ್ತಿರುವುದಿಲ್ಲ. ಅದಕ್ಕೆ ಒಮ್ಮೆಯಾದರೂ ಹೋಗಲೇಬೇಕು.

ನನಗೆ ಬಹಳ ಪ್ರಿಯವಾದ ಮೂರು ಜಾಗ ಹೇಳಿಬಿಡುತ್ತೇನೆ. ಪ್ರಿನ್ಸೆನ್‌ಗ್ರಾಖ್ಟ್ ಕಾಲುವೆಯ ದಡದಲ್ಲಿ 'ಡೆ ಔಟ್‌ಕೈಕ್' ಇದೆ. 1929ರಿಂದ ಇಂಥ ಸಿನಿಮಾಗಳನ್ನೇ ತೋರಿಸುತ್ತಾ ಬಂದಿರುವ ಒಂದೇ ಪರದೆಯ ಪುಟ್ಟ ಮಂದಿರ. 'ಕ್ರಿಟೇರಿಯನ್' ಶುರುವಾದದ್ದು 1945ರಲ್ಲಿ, ಯುದ್ಧ ಮುಗಿದ ಹೊಸತರಲ್ಲಿ. ನಾಜಿಗಳ ವಿರುದ್ಧ ಗುಟ್ಟಾಗಿ ಹೋರಾಡಿದ್ದ ವಿದ್ಯಾರ್ಥಿಗಳು ಓದಿನ ಖರ್ಚು ತಾವೇ ದುಡಿದುಕೊಳ್ಳಲಿ ಅಂತ ಹುಟ್ಟಿದ್ದು. ಇವತ್ತಿಗೂ ವಿದ್ಯಾರ್ಥಿಗಳೇ ನಡೆಸುತ್ತಾರೆ. ಟಿಕೆಟ್ ಕೊಟ್ಟ ಹುಡುಗಿಯೇ ಕಾಫಿಯನ್ನೂ ಕೊಡುತ್ತಾಳೆ. ಮೂರನೆಯದು 'ಐ' ಫಿಲ್ಮ್ ಮ್ಯೂಸಿಯಂ. ಸೆಂಟ್ರಲ್ ಸ್ಟೇಷನ್ ಹಿಂದೆ ಫೆರಿ ಹತ್ತಬೇಕು. ಫೆರಿಗೆ ದುಡ್ಡಿಲ್ಲ, ಐದು ನಿಮಿಷವೂ ಬೇಡ, ಆಚೆ ದಡ. ನೀರಿನ ಅಂಚಿನಲ್ಲಿರುವ ಆ ಬಿಳಿ ಕಟ್ಟಡ 2012ರಲ್ಲಿ ತೆರೆಯಿತು. ನೀರು ದಾಟಿ ಸಿನಿಮಾಕ್ಕೆ ಹೋಗುವುದೇ ನನಗೊಂದು ಖುಷಿ.

ಈಗ ಸಬ್‌ಟೈಟಲ್ ವಿಚಾರ. ಹೊಸಬರು ಇದನ್ನು ತಿಳಿದುಕೊಂಡೇ ಕಾರ್ಡ್ ತೆಗೆದುಕೊಳ್ಳಬೇಕು. ಈ ದೇಶದಲ್ಲಿ ದೊಡ್ಡವರ ಸಿನಿಮಾವನ್ನು ಡಬ್ ಮಾಡುವುದಿಲ್ಲ. ಮೂಲ ಭಾಷೆಯಲ್ಲೇ ಕೇಳುತ್ತೀರಿ. ಅದು ದೊಡ್ಡ ಭಾಗ್ಯ. ಆದರೆ ಕೆಳಗೆ ಬರುವ ಅಕ್ಷರ ಬಹುತೇಕ ಡಚ್! ಇಂಗ್ಲಿಷ್ ಸಬ್‌ಟೈಟಲ್ ಇರುವ ಪ್ರದರ್ಶನಗಳೂ ಇರುತ್ತವೆ, ವೇಳಾಪಟ್ಟಿಯಲ್ಲಿ ಗುರುತು ಹಾಕಿರುತ್ತಾರೆ. ಅವನ್ನೇ ನಂಬಿಕೊಂಡರೆ ಮಾತ್ರ ಆಯ್ಕೆ ಕಡಿಮೆ. ನಾನು ಮೊದಲ ಚಳಿಗಾಲ ಅವನ್ನೇ ಹುಡುಕಿಕೊಂಡು ಹೋಗುತ್ತಿದ್ದೆ. ಒಂದು ಥಿಯೇಟರಿನಲ್ಲಿ ಇಂಗ್ಲಿಷ್ ಅಂತ ಹಾಕಿ ಡಚ್ ಪ್ರತಿ ತೋರಿಸಿದರು. ಕೌಂಟರಿನಲ್ಲಿ ಕೇಳಿದರೆ ಸಾರಿ ಅಂದರು, ಅಷ್ಟೇ. ಅವತ್ತು ಬೇಜಾರಾಗಿ ಕೂತೇ ನೋಡಿದೆ. ನೋಡಿದರೆ, ಮುಕ್ಕಾಲು ಪಾಲು ಅರ್ಥವಾಗಿತ್ತು. ಮುಖ ಇದೆ, ದನಿ ಇದೆ, ಒಂದೊಂದು ಪದ ಗೊತ್ತಾಗುತ್ತದೆ. ಆಮೇಲೆ ಡಚ್ ಸಬ್‌ಟೈಟಲ್ಲೇ ನನ್ನ ಪಾಠದ ಪುಸ್ತಕವಾಯಿತು. 'ಲಾಟ್ ಮಾರ್' ಅಂದರೆ 'ಹೋಗ್ಲಿ ಬಿಡು' ಅಂತ ಯಾವ ಕ್ಲಾಸಿನಲ್ಲೂ ಕಲಿಯಲಿಲ್ಲ. ಜಗಳವಾಡಿ ಸುಸ್ತಾದ ಗಂಡ ಹೆಂಡತಿಯರು ನೂರು ಸಿನಿಮಾಗಳಲ್ಲಿ ಅದನ್ನೇ ಹೇಳಿದ್ದರು.

2020ರ ಮಾರ್ಚಿನಲ್ಲಿ ಥಿಯೇಟರುಗಳೆಲ್ಲ ಮುಚ್ಚಿದವು. ತೆರೆದವು, ಮತ್ತೆ ಮುಚ್ಚಿದವು. ಆ ಎರಡು ವರ್ಷದ ಬಗ್ಗೆ ಹೇಳುವಂಥದ್ದೇನಿಲ್ಲ.

2022ರಲ್ಲಿ ನೋಡಿದ ಒಂದು ಸಿನಿಮಾ ಬಗ್ಗೆ ಮಾತ್ರ ನಿಧಾನವಾಗಿ ಹೇಳಬೇಕು. 'ಅಲ್ಕರಾಸ್', ಕಾರ್ಲಾ ಸಿಮೋನ್ ನಿರ್ದೇಶಿಸಿದ್ದು. ಸ್ಪೇನಿನ ಕ್ಯಾಟಲನ್ ಭಾಷೆಯದು. ಆ ವರ್ಷ ಬರ್ಲಿನ್ ಚಿತ್ರೋತ್ಸವದ ಅತಿ ದೊಡ್ಡ ಪ್ರಶಸ್ತಿ ಗೋಲ್ಡನ್ ಬೇರ್ ಗೆದ್ದಿತ್ತು. ನನಗೆ ಅದೇನೂ ಗೊತ್ತಿರಲಿಲ್ಲ. ಮಳೆ ಬರುತ್ತಿತ್ತು, ಒಳಗೆ ಹೋದೆ.

ಪೀಚ್ ಹಣ್ಣಿನ ತೋಟ ಮಾಡುವ ಒಂದು ದೊಡ್ಡ ಸಂಸಾರ. ಅಜ್ಜ, ಮಗ ಕೀಮೆಟ್, ಸೊಸೆ, ಮೊಮ್ಮಕ್ಕಳು. ಭೂಮಿ ಅವರದಲ್ಲ. ಸ್ಪೇನಿನ ಅಂತರ್ಯುದ್ಧದ ಕಾಲದಲ್ಲಿ ಇವರ ಹಿರಿಯರು ಜಮೀನ್ದಾರರನ್ನು ಬಚ್ಚಿಟ್ಟು ಕಾಪಾಡಿದ್ದರು. ಆ ಋಣಕ್ಕೆ ಜಮೀನ್ದಾರರು 'ನೀವೇ ಮಾಡಿಕೊಳ್ಳಿ' ಅಂದಿದ್ದರು. ಮಾತಿನ ಮೇಲೆ. ಕಾಗದ ಇಲ್ಲ. ಈಗ ಜಮೀನ್ದಾರರ ವಾರಸುದಾರನಿಗೆ ಅಲ್ಲಿ ಸೋಲಾರ್ ಪ್ಯಾನಲ್ ಹಾಕಬೇಕು. ಇದೇ ಅವರ ಕೊನೆಯ ಕೊಯ್ಲು. ನಟಿಸಿದವರು ಆ ಸೀಮೆಯ ಸಾಮಾನ್ಯ ಜನ. ಹಣ್ಣು ಕೀಳುವ ಕೈ ನೋಡಿದರೇ ಗೊತ್ತಾಗುತ್ತದೆ. ಅಜ್ಜ ಜಮೀನ್ದಾರರ ಮನೆಗೆ ಅಂಜೂರದ ಹಣ್ಣು ತೆಗೆದುಕೊಂಡು ಹೋಗುತ್ತಾರೆ. ಹಳೆಯ ಸಂಬಂಧ ಇನ್ನೂ ಇದೆ ಅಂತ ಅವರ ನಂಬಿಕೆ. ಆ ದೃಶ್ಯದಲ್ಲಿ ನನಗೆ ಗಂಟಲು ಕಟ್ಟಿತು.

ನಾನು ಪಾವಗಡದ ಕಡೆಯವಳು. ನಮ್ಮ ಸೀಮೆಯಲ್ಲಿ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಇದೆ, 2,050 ಮೆಗಾವ್ಯಾಟಿನದು. ನಮ್ಮ ತಾತ ಗೇಣಿದಾರರಾಗಿದ್ದರು. 1974ರ ಭೂಸುಧಾರಣೆ ಬಂದಾಗ ಅರ್ಜಿ ಹಾಕಿ, ಭೂ ನ್ಯಾಯ ಮಂಡಳಿ ಮುಂದೆ ನಿಂತು ಮೂರು ಎಕರೆ ತಮ್ಮ ಹೆಸರಿಗೆ ಮಾಡಿಸಿಕೊಂಡರು. ಆ ಕಾಗದವನ್ನು ಟ್ರಂಕಿನಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದರು. ಈಗ ಆ ಮೂರು ಎಕರೆ ನಮ್ಮ ಚಿಕ್ಕಪ್ಪ ಸೋಲಾರಿಗೆ 28 ವರ್ಷಕ್ಕೆ ಕೊಟ್ಟಿದ್ದಾರೆ. ಭೂಮಿ ಅವರ ಹೆಸರಲ್ಲೇ ಇದೆ, ವರ್ಷಾ ವರ್ಷಾ ಬಾಡಿಗೆ ಬರುತ್ತದೆ. ಮಳೆ ನಂಬಿ ಕಡಲೆಕಾಯಿ ಹಾಕಿ ಕೈಸುಟ್ಟುಕೊಳ್ಳುವುದಕ್ಕಿಂತ ಮೇಲು ಅನ್ನುತ್ತಾರೆ. ಅದು ನಿಜವೇ.

ಥಿಯೇಟರಿನಿಂದ ಹೊರಗೆ ಬಂದು ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಕಥೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಾಗದ ಮಾಡಿಸ್ಕೋಬೇಕಿತ್ತು ಕಣಮ್ಮ ಅವರು" ಅಂದರು. ಮನೆ ಸೇರುವ ತನಕ ಅದನ್ನೇ ಯೋಚಿಸುತ್ತಿದ್ದೆ. ಸಿನಿಮಾದ ಕೀಮೆಟ್ ನಮ್ಮೂರಲ್ಲಿ ಯಾರು? ಚಿಕ್ಕಪ್ಪ ಅಲ್ಲ. ಚಿಕ್ಕಪ್ಪನ ಹೊಲಕ್ಕೆ ಕಳೆ ಕೀಳಲು, ಕಾಯಿ ಬಿಡಿಸಲು ಬರುತ್ತಿದ್ದ ಹೆಂಗಸರು. ಬೇಲಿಯಾಚೆ ಕುರಿ ಮೇಯಿಸುತ್ತಿದ್ದವರು. ಅವರ ಹತ್ತಿರ ಯಾವ ಕಾಗದವೂ ಇರಲಿಲ್ಲ, ಹಾಗಾಗಿ ಬಾಡಿಗೆಯೂ ಇಲ್ಲ. ಬಾಡಿಗೆ ಎಷ್ಟು ಬರುತ್ತೆ ಅಂತ ಚಿಕ್ಕಪ್ಪನನ್ನು ಎಷ್ಟೋ ಸಲ ಕೇಳಿದ್ದೆ. ಆ ಹೆಂಗಸರು ಈಗ ಎಲ್ಲಿಗೆ ಕೂಲಿಗೆ ಹೋಗುತ್ತಾರೆ ಅಂತ ಮೊದಲ ಸಲ ಕೇಳಿದ್ದು ಮಾರನೆಯ ದಿನ.

ಮುಂದಿನ ವರ್ಷ ಅಮ್ಮ ಮೂರು ತಿಂಗಳು ಬಂದಿದ್ದರು. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ, ಡಚ್ ಅಂತೂ ಇಲ್ಲ. ಜೊತೆಗೆ ಕರೆದುಕೊಂಡು ಹೋಗಬೇಕು ಅಂತ ಆಸೆ. ಒಂದು ಥಿಯೇಟರಿನಲ್ಲಿ ಹಳೆಯ ಸಿನಿಮಾಗಳನ್ನು ಮತ್ತೆ ಹಾಕುವಾಗ 'ಲೆ ಕ್ವಾತ್ರೊ ವೊಲ್ತೆ' ಬಂತು. ಇಟಲಿಯ ಕಲಾಬ್ರಿಯಾ ಬೆಟ್ಟಗಳಲ್ಲಿ ಮೈಕಲಾಂಜೆಲೊ ಫ್ರಮ್ಮಾರ್ತಿನೊ 2010ರಲ್ಲಿ ಮಾಡಿದ ಸಿನಿಮಾ. ಒಂದೂವರೆ ಗಂಟೆಯಲ್ಲಿ ಮಾತು ಇಲ್ಲವೇ ಇಲ್ಲ ಅನ್ನಬಹುದು. ಮೇಕೆ ಕಾಯುವ ಮುದುಕ, ಆಮೇಲೆ ಒಂದು ಮೇಕೆ ಮರಿ, ಆಮೇಲೆ ಒಂದು ಮರ, ಕೊನೆಗೆ ಆ ಮರದ ಇದ್ದಿಲು. ಅಷ್ಟೇ ಕಥೆ.

ಅಮ್ಮನ ಟಿಕೆಟ್ಟಿಗೆ ದುಡ್ಡು ಕೊಟ್ಟೆ. ಕಾರ್ಡಿನಲ್ಲಿ ಒಬ್ಬರೇ ಹೋಗಬಹುದು, ಇನ್ನೊಬ್ಬರಿಗೆ ಕೊಡುವ ಹಾಗಿಲ್ಲ. ಮುದುಕ ಕೆಮ್ಮಿಗೆ ಚರ್ಚಿನಲ್ಲಿ ಗುಡಿಸಿದ ಧೂಳನ್ನು ನೀರಿಗೆ ಹಾಕಿ ಕುಡಿಯುತ್ತಾನೆ. ಅಮ್ಮ ನನ್ನ ಕಿವಿಯಲ್ಲಿ, "ನಮ್ಮಲ್ಲಿ ವಿಭೂತಿ ಹಾಕ್ಕೊಂಡು ಕುಡಿಯಲ್ವಾ, ಹಂಗೆ" ಅಂದರು. ಮರಿ ಗುಂಡಿಗೆ ಬಿದ್ದು ಹಿಂಡಿನಿಂದ ತಪ್ಪಿಸಿಕೊಂಡಾಗ ತಡೆಯಲಾರದೆ ಜೋರಾಗಿಯೇ ಅಂದರು, "ಎಣಿಸಬೇಕಲ್ವಾ ಅವರು? ಒಂದು ಕಮ್ಮಿ ಆಗಿದೆ ಅಂತ ಗೊತ್ತಾಗಲಿಲ್ವಾ?" ಮುಂದಿನ ಸಾಲಿನ ಹೆಂಗಸು ತಿರುಗಿ ನೋಡಿ ನಕ್ಕರು. ಇದ್ದಿಲು ಗೂಡು ಕಟ್ಟುವ ದೃಶ್ಯದಲ್ಲಿ ಅಮ್ಮ ಮುಂದಕ್ಕೆ ಬಾಗಿ ಕೂತರು. ಬಳ್ಳಾರಿ ಜಾಲಿ ಕಡಿದು ಇದ್ದಿಲು ಸುಡುವುದನ್ನು ಅವರು ಚಿಕ್ಕಂದಿನಿಂದ ನೋಡಿದವರು. ಆ ಥಿಯೇಟರಿನಲ್ಲಿ ಕೂತವರಲ್ಲಿ ಆ ದೃಶ್ಯ ಪೂರ್ತಿ ಅರ್ಥವಾದದ್ದು ಬಹುಶಃ ನಮ್ಮಮ್ಮನಿಗೇ.

ಅವತ್ತಿನಿಂದ ಸಿನಿಮಾ ಶಿಫಾರಸು ಮಾಡುವ ನನ್ನ ರೀತಿ ಬದಲಾಯಿತು. 'ನೋಡಲೇಬೇಕಾದ ಹತ್ತು ಯುರೋಪಿಯನ್ ಸಿನಿಮಾ' ಅಂತ ಪಟ್ಟಿ ಕಳಿಸುವುದನ್ನು ಬಿಟ್ಟೆ. ಯಾರೂ ನೋಡುವುದಿಲ್ಲ. ಒಬ್ಬರಿಗೆ ಒಂದೇ ಸಿನಿಮಾ ಹೇಳುತ್ತೇನೆ, ಯಾಕೆ ಅಂತಲೂ ಹೇಳುತ್ತೇನೆ.

ಕೆಲಸಕ್ಕೆಂದು ಒಬ್ಬರೇ ಬಂದು, ಬಾಡಿಗೆ ಕೋಣೆಯಲ್ಲಿ ಇರುವವರಿಗೆ ಆಕಿ ಕೌರಿಸ್ಮಾಕಿಯ 'ಫಾಲನ್ ಲೀವ್ಸ್', ಫಿನ್ನಿಷ್, 2023. ಬರೀ 81 ನಿಮಿಷ. ಅವಧಿ ಮೀರಿದ ತಿಂಡಿ ತೆಗೆದುಕೊಂಡಳು ಅಂತ ಸೂಪರ್‌ಮಾರ್ಕೆಟ್ ಕೆಲಸ ಕಳೆದುಕೊಂಡ ಹೆಂಗಸು, ಕುಡಿತ ಬಿಡಲಾಗದ ಕಾರ್ಮಿಕ. ಅವಳ ಮನೆಯಲ್ಲಿ ಒಬ್ಬರಿಗೆ ಆಗುವಷ್ಟೇ ಪಾತ್ರೆ. ಅವನು ಊಟಕ್ಕೆ ಬರುತ್ತಾನೆ ಅಂತ ಇನ್ನೊಂದು ತಟ್ಟೆ ಕೊಂಡು ತರುತ್ತಾಳೆ. ಪರದೇಶದಲ್ಲಿ ಒಂಟಿಯಾಗಿ ಇದ್ದವರಿಗೆ ಆ ತಟ್ಟೆ ಏನು ಅಂತ ಹೇಳಬೇಕಾಗಿಲ್ಲ.

ಅಡುಗೆಮನೆಯಲ್ಲಿ ಒಂದು ಕರಿಬೇವಿನ ಎಲೆಯನ್ನೂ ಎಸೆಯದ ನನ್ನ ಗೆಳತಿಗೆ ಆನ್ಯೆಸ್ ವಾರ್ದಾ 2000ದಲ್ಲಿ ಮಾಡಿದ ಸಾಕ್ಷ್ಯಚಿತ್ರ, 'ಲೆ ಗ್ಲಾನರ್ ಎ ಲಾ ಗ್ಲಾನಸ್'. ಇಂಗ್ಲಿಷಿನಲ್ಲಿ 'ದಿ ಗ್ಲೀನರ್ಸ್ ಅಂಡ್ ಐ'. ಗ್ಲೀನರ್ಸ್ ಅನ್ನುವುದಕ್ಕೆ ನಮ್ಮಲ್ಲೂ ಪದ ಇದೆ, ಹಕ್ಕಲು ಆಯುವವರು. ಕೊಯ್ಲಾದ ಹೊಲದಲ್ಲಿ ಉಳಿದದ್ದನ್ನು ಆಯುವ ಜನರನ್ನು ಹುಡುಕಿಕೊಂಡು 70 ದಾಟಿದ ವಾರ್ದಾ ಸಣ್ಣ ಕ್ಯಾಮರಾ ಹಿಡಿದು ಫ್ರಾನ್ಸ್ ಸುತ್ತುತ್ತಾರೆ. ಆಕಾರ ಸರಿ ಇಲ್ಲ ಅಂತ ತಂದು ಸುರಿದ ಆಲೂಗಡ್ಡೆ ರಾಶಿಯಲ್ಲಿ ಹೃದಯದಾಕಾರದ ಗಡ್ಡೆಗಳನ್ನು ಆಯ್ದುಕೊಳ್ಳುತ್ತಾರೆ. ಕಡಲೆಕಾಯಿ ಕಿತ್ತ ಹೊಲದಲ್ಲಿ ಹಕ್ಕಲು ಆಯ್ದವರು ಈ ಸಿನಿಮಾವನ್ನು ಖಂಡಿತ ನೋಡಬೇಕು.

ಬೆಂಗಳೂರಿನಲ್ಲಿ ಇರುವವರಿಗೆ ಇಂಥ ಕಾರ್ಡ್ ಇಲ್ಲದಿದ್ದರೂ ದಾರಿ ಇದೆ. ಬನಶಂಕರಿಯ ಸುಚಿತ್ರಾ ಫಿಲ್ಮ್ ಸೊಸೈಟಿ 1971ರಿಂದ ಇದೆ. ಜರ್ಮನ್ ಸಾಂಸ್ಕೃತಿಕ ಕೇಂದ್ರ ಮ್ಯಾಕ್ಸ್ ಮ್ಯುಲ್ಲರ್ ಭವನ, ಫ್ರೆಂಚ್ ಕೇಂದ್ರ ಅಲಿಯಾನ್ಸ್ ಫ್ರಾನ್ಸೇಸ್, ಇವುಗಳ ಕಾರ್ಯಕ್ರಮಗಳ ಮೇಲೆ ಕಣ್ಣಿಡಿ. ಚಿತ್ರೋತ್ಸವದ ಪಾಸು ತೆಗೆದುಕೊಂಡರೆ ದಿನಕ್ಕೆ ಎರಡೇ ನೋಡಿ, ಐದು ನೋಡಲು ಹೋಗಬೇಡಿ. ಮೂರನೆಯದರ ಹೊತ್ತಿಗೆ ಮೊದಲನೆಯದು ಮರೆತಿರುತ್ತದೆ.

ಕಾರ್ಡಿನ ವಿಷಯದಲ್ಲಿ ಇನ್ನೆರಡು ಮಾತು. ಇಲ್ಲಿ ಹೊಸ ಸಿನಿಮಾ ಬರುವುದು ಗುರುವಾರ. ಚಿಕ್ಕ ಸಿನಿಮಾಗಳು ಎರಡೇ ವಾರಕ್ಕೆ ಮಧ್ಯಾಹ್ನದ ಆಟಕ್ಕೆ ಇಳಿದುಬಿಡುತ್ತವೆ, ತಡ ಮಾಡಬೇಡಿ. ತಿಂಗಳಿಗೆ ಒಂದೇ ಸಿನಿಮಾ ನೋಡುವವರಿಗೆ, ಚಿಕ್ಕ ಮಕ್ಕಳಿದ್ದು ಸಂಜೆ ಬಿಡುವಿಲ್ಲದವರಿಗೆ ಈ ಕಾರ್ಡ್ ಬೇಡ. ದುಡ್ಡು ಸುಮ್ನೆ ಹೋಗುತ್ತದೆ.

ಭಾನುವಾರ ಊರಿಗೆ ಫೋನ್ ಮಾಡಿದಾಗ ಆ ವಾರ ನೋಡಿದ ಸಿನಿಮಾ ಕಥೆ ಹೇಳುವುದು ಈಗ ರೂಢಿ. ಅಮ್ಮ ಸ್ಪೀಕರ್ ಹಾಕುತ್ತಾರೆ, ಅಪ್ಪ ಪೇಪರ್ ಓದುತ್ತಾ ಕೇಳಿಸಿಕೊಳ್ಳುತ್ತಾರೆ. ಒಮ್ಮೆ ಐಸ್‌ಲ್ಯಾಂಡಿನ 'ಹ್ರೂತಾರ್' ಕಥೆ ಹೇಳಿದೆ, 2015ರದು. ಟಗರುಗಳು ಅಂತ ಅರ್ಥ. ಪಕ್ಕಪಕ್ಕದಲ್ಲೇ ಕುರಿ ಸಾಕುವ ಅಣ್ಣ ತಮ್ಮ. 40 ವರ್ಷದಿಂದ ಮಾತಿಲ್ಲ. ಏನಾದರೂ ತಿಳಿಸಬೇಕಿದ್ದರೆ ಚೀಟಿ ಬರೆದು ನಾಯಿಯ ಬಾಯಲ್ಲಿ ಕೊಟ್ಟು ಕಳಿಸುತ್ತಾರೆ. ಆ ಕಣಿವೆಗೆ ಕುರಿಗಳ ಕಾಯಿಲೆ ಬಂದು, ಎಲ್ಲ ಕುರಿಗಳನ್ನೂ ಕೊಲ್ಲಬೇಕು ಅಂತ ಆಗುತ್ತದೆ.

ನಮ್ಮ ಅಪ್ಪನಿಗೂ ದೊಡ್ಡಪ್ಪನಿಗೂ ಪಾಲಾದ ಮೇಲೆ ಮಾತಿಲ್ಲ. ಕಥೆ ಶುರು ಮಾಡುವಾಗ ಅದು ನನಗೆ ಹೊಳೆದಿರಲಿಲ್ಲ. ಅರ್ಧಕ್ಕೆ ಬಂದಾಗ ಪೇಪರಿನ ಸದ್ದು ನಿಂತಿತ್ತು.

"ಕೊನೆಗೆ ಮಾತಾಡಿದರಾ?" ಅಪ್ಪ ಕೇಳಿದರು.

"ಅದನ್ನ ಹೇಳಿದರೆ ಸಿನಿಮಾ ಹಾಳಾಗುತ್ತೆ ಅಪ್ಪ, ನೀವೇ ನೋಡಬೇಕು" ಅಂದೆ.

ಈ ಡಿಸೆಂಬರಿನಲ್ಲಿ ಊರಿಗೆ ಹೋಗುವಾಗ ಅದರ ಡಿವಿಡಿ ತೆಗೆದುಕೊಂಡು ಹೋಗುತ್ತಿದ್ದೇನೆ. ಸಬ್‌ಟೈಟಲ್ ಇಂಗ್ಲಿಷಿನದು. ಪಕ್ಕದಲ್ಲಿ ಕೂತು ನಾನೇ ಕನ್ನಡದಲ್ಲಿ ಹೇಳುತ್ತೇನೆ. ಮಾತು ಜಾಸ್ತಿ ಇಲ್ಲ ಅದರಲ್ಲಿ.